ಹಳೆಯ ಟ್ರಾವೆಲ್ ಟ್ರೇಲರ್‌ಗೆ ಮತ್ತೆ ಜೀವ: ಬಣ್ಣದ ಡಬ್ಬಿ ತೆರೆಯುವ ಮುಂಚಿನ ಕೆಲಸಗಳು

ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಗಾಡಿ, ಅಂದರೆ ಹಳೆಯ ಟ್ರಾವೆಲ್ ಟ್ರೇಲರ್, ಕೈಗೆ ಬಂದ ಮೊದಲ ವಾರ ಎಲ್ಲರ ಗಮನ ಬಣ್ಣ, ಪರದೆ, ಕುಶನ್ ಕಡೆಗೇ ಹೋಗುತ್ತದೆ. ನನ್ನದೂ ಹಾಗೇ ಹೋಗಿತ್ತು. ಒಳಗೋಡೆಗೆ ತೆಳು ಹಸಿರು ಬಣ್ಣ ಹೊಡೆದೆ, ಪರದೆ ಹೊಲಿಸಿದೆ, ನೆಲಕ್ಕೆ ಹೊಸ ಹಾಸು ಅಂಟಿಸಿದೆ. ಆಮೇಲೆ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಬಾಗಿಲು ತೆಗೆದರೆ ಹಿಂದಿನ ಕಿಟಕಿಯ ಕೆಳಗೆ ಅಂಗೈ ಅಗಲದ ಕಂದು ಕಲೆ. ಅದರ ಮೇಲೆ ಹೆಬ್ಬೆರಳು ಒತ್ತಿದೆ. ಬೆರಳು ಸಲೀಸಾಗಿ ಒಳಗೆ ಹೋಯಿತು. ಬಣ್ಣದ ಹಿಂದೆ ಮರವೇ ಇರಲಿಲ್ಲ, ಒದ್ದೆ ಪುಡಿ ಇತ್ತು. ಮಾಡಿದ್ದನ್ನೆಲ್ಲ ಕಿತ್ತು ಮೊದಲಿನಿಂದ ಶುರು ಮಾಡಬೇಕಾಯಿತು.

ಹಳೆಯ ಟ್ರೇಲರ್‌ಗಳನ್ನು ಹಾಳು ಮಾಡುವುದು ನೀರು. ಅದು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಬೇಕು, ನಿಲ್ಲಿಸಬೇಕು, ಅದು ತಿಂದುಹಾಕಿದ ಮರವನ್ನು ಬದಲಿಸಬೇಕು. ಅಲ್ಲಿಯ ತನಕ ಮಾಡಿದ ಬೇರೆ ಯಾವ ಕೆಲಸವೂ ಬಾಳುವುದಿಲ್ಲ. ಹಾಗಾಗಿ ಇಲ್ಲಿ ಬಣ್ಣದ ಮಾತು ಬರುವುದು ಕೊನೆಗೆ.

ನಿಮ್ಮದು ಯಾವ ಜಾತಿಯ ಟ್ರೇಲರ್?

ಕೆಲಸದ ದಾರಿ ಟ್ರೇಲರ್ ಕಟ್ಟಿದ ರೀತಿಯ ಮೇಲೆ ನಿಂತಿದೆ. 1950 ಮತ್ತು 60ರ ದಶಕದ ಹೆಚ್ಚಿನ ಅಮೆರಿಕನ್ ಟ್ರೇಲರ್‌ಗಳು, ಉದಾಹರಣೆಗೆ ಶಾಸ್ತಾ ಮತ್ತು ಸೆರೋ ಸ್ಕಾಟಿ, ಒಳಗೆ ಮರದ ಚೌಕಟ್ಟು, ಮೇಲೆ ತೆಳುವಾದ ಅಲ್ಯೂಮಿನಿಯಂ ತಗಡು. ಪಕ್ಕದಿಂದ ನೋಡಿದರೆ ಮಾಂಸ ತುಂಬಿದ ತಗಡಿನ ಡಬ್ಬಿಯನ್ನು ಮಲಗಿಸಿಟ್ಟ ಹಾಗೆ ಕಾಣುತ್ತವೆ. ಅದಕ್ಕೇ ಅವಕ್ಕೆ ‘ಕ್ಯಾನ್ಡ್ ಹ್ಯಾಮ್’ ಅನ್ನುವ ಹೆಸರು ಬಂತು.

ಏರ್‌ಸ್ಟ್ರೀಮ್ ಅನ್ನುವ ಅಮೆರಿಕನ್ ಕಂಪನಿಯ ಟ್ರೇಲರ್‌ಗಳ ಕಥೆ ಬೇರೆ. ವಿಮಾನಚಾಲಕ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ತಯಾರಿಕೆಯ ಉಸ್ತುವಾರಿ ನೋಡಿಕೊಂಡಿದ್ದ ಹಾಲಿ ಬೌಲಸ್, 1934ರಲ್ಲಿ ವಿಮಾನದಂತೆಯೇ ರಿವೆಟ್ ಹೊಡೆದ ಅಲ್ಯೂಮಿನಿಯಂ ಟ್ರೇಲರ್ ಕಟ್ಟಿದರು. ಕಂಪನಿ ಸ್ಥಾಪಿಸಿದ ವಾಲಿ ಬೈಯಮ್ ಅವರ 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್ ಅದೇ ವಿನ್ಯಾಸದಿಂದ ಬಂದದ್ದು. ಅವುಗಳ ಗೋಡೆಯಲ್ಲಿ ಕೊಳೆಯಲು ಮರದ ಚೌಕಟ್ಟು ಇಲ್ಲ. ಆದರೆ ನೆಲ ಪ್ಲೈವುಡ್, ಅದು ಕೊಳೆಯುತ್ತದೆ. ಮೂರನೆಯದು ಫೈಬರ್‌ಗ್ಲಾಸ್. 1968ರಲ್ಲಿ ಕೆನಡಾದಲ್ಲಿ ಶುರುವಾದ ಬೋಲರ್ ಇದಕ್ಕೆ ಒಳ್ಳೆಯ ಉದಾಹರಣೆ. ಮೇಲೊಂದು ಕೆಳಗೊಂದು ಚಿಪ್ಪು, ನಡುವೆ ಒಂದೇ ಕೂಡು. ಕೂಡು ಕಡಿಮೆ ಇದ್ದಷ್ಟೂ ಸೋರಿಕೆ ಕಡಿಮೆ, ಅಲ್ವಾ?

ಜಾಸ್ತಿ ಕೆಲಸ ಬೇಡುವುದು ಮರದ ಚೌಕಟ್ಟಿನ ಟ್ರೇಲರ್. ಈ ಲೇಖನ ಮುಖ್ಯವಾಗಿ ಅದರ ಬಗ್ಗೆಯೇ.

ಕೊಳ್ಳುವ ಮುಂಚೆ ಒಂದು ಗಂಟೆ

ಒಂದು ಟಾರ್ಚ್, ಒಂದು ದಬ್ಬಳ, ಸಿಕ್ಕರೆ ಮರದ ತೇವ ಅಳೆಯುವ ಮೀಟರ್. ಇಷ್ಟು ಜೇಬಿನಲ್ಲಿರಲಿ. ಮಾರುವವರ ಅನುಮತಿ ಕೇಳಿ, ಒಳಗಿನ ನಾಲ್ಕೂ ಮೂಲೆಗಳ ಕೆಳತುದಿಯನ್ನು ದಬ್ಬಳದಿಂದ ಮೆಲ್ಲಗೆ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ. ಲಡ್ಡಾದ ಮರದಲ್ಲಿ ದಬ್ಬಳ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಪ್ರತಿ ಕಿಟಕಿಯ ಕೆಳಗೆ, ಛಾವಣಿಯ ಗಾಳಿಕಿಂಡಿಯ ಸುತ್ತ, ಮೇಲಿನ ಕಪಾಟುಗಳ ಒಳಗೆ, ಕೂರುವ ಬೆಂಚಿನ ಪೆಟ್ಟಿಗೆಯೊಳಗೆ ನೆಲ ಗೋಡೆಗೆ ಸೇರುವ ಕಡೆ ನೋಡಿ. ತೇವ ಶೇ 20 ದಾಟಿದ ಮರದಲ್ಲಿ ಕೊಳೆತ ಬೇರು ಬಿಡಬಹುದು. ಹೊಚ್ಚ ಹೊಸ ಬಣ್ಣ ಬಳಿದ ಒಳಗೋಡೆ ಕಂಡರೆ ಇನ್ನೂ ಹುಷಾರು. ಮೇಲೆ ಬಸಪ್ಪ ಒಳಗೆ ವಿಷಪ್ಪ ಅನ್ನುವ ಗಾದೆ ಟ್ರೇಲರ್‌ಗೂ ಸಲ್ಲುತ್ತದೆ.

ಆಮೇಲೆ ಕೆಳಗೆ ತೂರಿ ಚಾಸಿ, ಅಂದರೆ ಟ್ರೇಲರ್ ಕೂತಿರುವ ಕಬ್ಬಿಣದ ಚೌಕಟ್ಟು, ನೋಡಿ. ಮೇಲುಮೇಲಿನ ತುಕ್ಕಿಗೆ ಹೆದರಬೇಕಿಲ್ಲ. ಪದರ ಪದರವಾಗಿ ಎದ್ದು ಬರುವ ತುಕ್ಕು ಚಿಂತೆಯ ವಿಷಯ. ಎಳೆಯುವ ಮೂಗುಭಾಗ ದೇಹಕ್ಕೆ ಸೇರುವ ಜಾಗ, ಸ್ಪ್ರಿಂಗ್ ನೇತುಹಾಕಿದ ಕೊಂಡಿಗಳು, ಹಿಂದಿನ ಕೊನೆಯ ಅಡ್ಡಪಟ್ಟಿ, ಈ ಮೂರು ಕಡೆ ಬಿರುಕು ಹುಡುಕಿ. ಏರ್‌ಸ್ಟ್ರೀಮ್ ಆದರೆ ಹಿಂದಿನ ಬಂಪರ್ ಮೇಲೆ ನಿಂತು ಎರಡು ಸಲ ಜಗ್ಗಿ. ಬಂಪರ್ ಕೆಳಗೆ ಹೋಗಿ ದೇಹ ಅಲ್ಲೇ ನಿಂತರೆ, ಹಿಂಭಾಗದ ನೆಲ ಕೊಳೆತು ಚಾಸಿಗೂ ದೇಹಕ್ಕೂ ಇದ್ದ ಹಿಡಿತ ತಪ್ಪಿದೆ ಅಂತ ಲೆಕ್ಕ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮರ ಪೂರ್ತಿ ಕೊಳೆತಿದ್ದರೂ ಕಿಟಕಿ, ಬಾಗಿಲು, ಒಲೆ, ದೀಪ, ಚಿಲಕ, ಬ್ಯಾಡ್ಜ್ ಎಲ್ಲ ಇರುವ ಟ್ರೇಲರ್ ಒಂದು ಕಡೆ. ಮರ ಗಟ್ಟಿ ಇದ್ದು ಇವೆಲ್ಲ ಕಳೆದುಹೋದ ಟ್ರೇಲರ್ ಇನ್ನೊಂದು ಕಡೆ. ನಾನಾದರೆ ಮೊದಲನೆಯದನ್ನೇ ಕೊಳ್ಳುತ್ತೇನೆ. ಮರದ ಪಟ್ಟಿಯನ್ನು ಯಾರು ಬೇಕಾದರೂ ಕತ್ತರಿಸಬಹುದು. 1958ರ ಕಿಟಕಿಯೊಂದು ಅದೇ ಅಳತೆಯಲ್ಲಿ ಸಿಗಬೇಕಾದರೆ ವರ್ಷಗಟ್ಟಲೆ ಹುಡುಕಬೇಕು. ಹಾಗೇ, ಚಾಸಿಯ ಮೇಲೆ ಕೊರೆದಿರುವ ನಂಬರಿಗೂ ಕಾಗದಪತ್ರದಲ್ಲಿರುವ ನಂಬರಿಗೂ ತಾಳೆ ಇದೆಯೇ ಅಂತ ದುಡ್ಡು ಕೊಡುವ ಮುಂಚೆಯೇ ನೋಡಿಕೊಳ್ಳಿ.

ಎಳೆದು ತರುವಾಗ

ಟೈರಿನ ಗೀರು ಚೆನ್ನಾಗಿದೆ ಅಂತ ನಂಬಬೇಡಿ. ಟ್ರೇಲರ್ ಟೈರುಗಳು ಸವೆಯುವ ಮುಂಚೆ ಮುದಿಯಾಗುತ್ತವೆ. ಟೈರಿನ ಪಕ್ಕದಲ್ಲಿ ‘ಡಾಟ್’ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಕೊನೆಗೆ ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಆರು ವರ್ಷ ದಾಟಿದ ಟೈರನ್ನು ನಾನು ರಸ್ತೆಗೆ ತರುವುದಿಲ್ಲ. ಚಕ್ರದ ಬೇರಿಂಗ್‌ಗೆ ಗ್ರೀಸ್ ಹಾಕಿದ್ದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಟ್ರೇಲರನ್ನು ಲಾರಿಯ ಮೇಲೆ ಹೇರಿಕೊಂಡು ಬರುವುದೇ ವಾಸಿ.

ಬಿಚ್ಚುವ ಮುಂಚೆ

ಮೊದಲು ನಿಮ್ಮ ಶ್ವಾಸಕೋಶದ ಬಗ್ಗೆ ಯೋಚಿಸಿ. ಮುಚ್ಚಿಟ್ಟ ಟ್ರೇಲರ್‌ನಲ್ಲಿ ಇಲಿಗಳ ಸಂಸಾರ ಇದ್ದೇ ಇರುತ್ತದೆ. ಒಣಗಿದ ಇಲಿಹಿಕ್ಕೆಯನ್ನು ಸುಮ್ನೆ ಗುಡಿಸಬೇಡಿ. ಆ ದೂಳಿನಿಂದ ಹಂಟಾವೈರಸ್ ತಗಲಬಹುದು. ಬಾಗಿಲು ಕಿಟಕಿ ತೆಗೆದು ಗಾಳಿ ಆಡಿಸಿ, ಬ್ಲೀಚ್ ಬೆರೆಸಿದ ನೀರಿನಿಂದ ನೆನೆಸಿ, ಕೈಗವಸು ಮತ್ತು ಒಳ್ಳೆಯ ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಿರಿ. ಹಳೆಯ ನೆಲದ ಟೈಲ್ಸ್ ಮತ್ತು ಒಲೆಯ ಹಿಂದಿನ ಹಲಗೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್), ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಪರೀಕ್ಷೆ ಮಾಡಿಸದೆ ಅವನ್ನು ಉಜ್ಜುವುದು, ಒಡೆಯುವುದು ಬೇಡ. ಹಳೆಯ ಗ್ಯಾಸ್ ಫ್ರಿಜ್‌ನ ಹಿಂದೆ ಹಳದಿ ಪುಡಿ ಕಂಡರೆ ಅದರ ಅಮೋನಿಯಾ ಕೊಳವೆ ಸೋರಿದೆ ಅಂತ ಅರ್ಥ. ಆ ಪುಡಿ ವಿಷ. ಮುಟ್ಟಬೇಡಿ. ಆ ಫ್ರಿಜ್ಜನ್ನು ಮತ್ತೆ ಹಚ್ಚಲೂ ಬೇಡಿ.

ಆಮೇಲೆ ಟ್ರೇಲರನ್ನು ಚಾಸಿಯ ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟು ಎತ್ತಿ ನಿಲ್ಲಿಸಿ. ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಮಟ್ಟ ಮಾಡಿ. ಇದನ್ನು ಬಿಟ್ಟರೆ ತಗಡು ತೆಗೆದ ಮೇಲೆ ಸಡಿಲ ಚೌಕಟ್ಟು ಒಂದು ಕಡೆ ವಾಲುತ್ತದೆ. ವಾಲಿದಂತೆಯೇ ನೀವು ಹೊಸ ಮರ ಕೂಡಿಸುತ್ತೀರಿ. ಕೊನೆಗೆ ಬಾಗಿಲು ಹಾಕಲು ಹೋದಾಗ ಬಾಗಿಲು ಕೂರುವುದಿಲ್ಲ.

ಫೋಟೋ ತೆಗೆಯಿರಿ. ಸಾಕು ಅನ್ನಿಸಿದ ಮೇಲೆ ಇನ್ನೂ ಅಷ್ಟೇ ತೆಗೆಯಿರಿ. ಪ್ರತಿ ಫೋಟೋದಲ್ಲಿ ಅಳತೆಪಟ್ಟಿ ಕಾಣಲಿ. ಕಳಚಿದ ಪ್ರತಿ ಸ್ಕ್ರೂ ಒಂದು ಚೀಲಕ್ಕೆ, ಪ್ರತಿ ಚೀಲದ ಮೇಲೆ ಜಾಗದ ಹೆಸರು. ಕೆಲಸ ಪೂರ್ತಿ ಮುಗಿಯುವ ತನಕ ಏನನ್ನೂ ಎಸೆಯಬೇಡಿ. ಅರ್ಧ ಪುಡಿಯಾದ ಮರದ ತುಂಡಿನಲ್ಲೂ ನಿಮಗೆ ಬೇಕಾದ ಬಾಗು ಇರುತ್ತದೆ.

ಹಿಂದುಮುಂದಾಗಿ ಬಿಚ್ಚುವುದು

ಇಲ್ಲಿ ಒಂದು ಗುಟ್ಟು ಇದೆ. ಈ ಟ್ರೇಲರ್‌ಗಳನ್ನು ಕಾರ್ಖಾನೆಯಲ್ಲಿ ಕಟ್ಟಿದ್ದು ಒಳಗಿನಿಂದ ಹೊರಗೆ. ಚಾಸಿಯ ಮೇಲೆ ನೆಲ, ನೆಲದ ಮೇಲೆ ಕಪಾಟು, ಬೆಂಚು ಮತ್ತು ಒಳಗೋಡೆ. ಆಮೇಲೆ ವೈರು, ಶಾಖ ತಡೆಯುವ ಹಾಸು. ಎಲ್ಲಕ್ಕಿಂತ ಕೊನೆಗೆ ಹೊರಗಿನ ತಗಡು. ಕಪಾಟಿನ ಎಷ್ಟೋ ಸ್ಕ್ರೂಗಳನ್ನು ಗೋಡೆಯ ಹೊರಮೈಯಿಂದ ಒಳಕ್ಕೆ ಹೊಡೆದಿರುತ್ತಾರೆ. ತಗಡು ತೆಗೆಯದೆ ಒಳಗಿನಿಂದ ಕಪಾಟು ಬಿಚ್ಚಲು ಗಂಟೆಗಟ್ಟಲೆ ಒದ್ದಾಡುವವರಿಗೆ ಸ್ಕ್ರೂ ಸಿಗದಿರುವುದು ಇದಕ್ಕೇ. ಹಾಗಾಗಿ ಬಿಚ್ಚುವುದು ಹೊರಗಿನಿಂದ ಒಳಕ್ಕೆ, ಕಟ್ಟುವುದು ಒಳಗಿನಿಂದ ಹೊರಕ್ಕೆ.

ಮೊದಲು ದೀಪ, ಕಿಟಕಿ, ಬಾಗಿಲು, ಗಾಳಿಕಿಂಡಿ ತೆಗೆಯಿರಿ. ನಂತರ ಅಂಚಿನ ಪಟ್ಟಿಗಳು. ಪಟ್ಟಿಯ ನಡುವಿನ ಗೀರಿನಲ್ಲಿ ಒಂದು ವಿನೈಲ್ ಎಳೆ ಕೂತಿರುತ್ತದೆ. ಅದನ್ನು ಎಳೆದರೆ ಕೆಳಗೆ ಸಾಲಾಗಿ ಸ್ಕ್ರೂಗಳು ಕಾಣುತ್ತವೆ. ತುಕ್ಕು ಹಿಡಿದ ಸ್ಕ್ರೂ ತಲೆ ತುಂಡಾದರೆ ಬೇಸರ ಬೇಡ, ಪಟ್ಟಿ ತೆಗೆದ ಮೇಲೆ ಉಳಿದ ಭಾಗವನ್ನು ಇಕ್ಕಳದಿಂದ ತಿರುಗಿಸಿ ತೆಗೆಯಬಹುದು. ಹಳೆಯ ಪುಟ್ಟಿ ಕಲ್ಲಾಗಿದ್ದರೆ ಹೀಟ್ ಗನ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಅಗಲವಾದ ತೆಳು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ.

ಹೆಚ್ಚಿನ ಮಾದರಿಗಳಲ್ಲಿ ಮೊದಲು ಬರುವುದು ಛಾವಣಿಯ ತಗಡು, ಆಮೇಲೆ ಮುಂದಿನ ಹಿಂದಿನ ತಗಡು, ಕೊನೆಗೆ ಪಕ್ಕದವು, ಅವೂ ಮೇಲಿನಿಂದ ಕೆಳಕ್ಕೆ. ಇದಕ್ಕೆ ಕಾರಣ ಇದೆ. ಹೆಂಚಿನ ಮನೆಯ ಹಾಗೆ ಮೇಲಿನ ತಗಡು ಕೆಳಗಿನದರ ಮೇಲೆ ಕೂತಿರುತ್ತದೆ, ನೀರು ಹರಿದು ಹೋಗಲಿ ಅಂತ. ಅಂಚುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ದಪ್ಪ ಕೈಗವಸು ಬೇಕೇ ಬೇಕು. ದೊಡ್ಡ ತಗಡನ್ನು ಇಬ್ಬರು ಹಿಡಿಯಬೇಕು. ಒಮ್ಮೆ ಮಡಚಿದ ಗೆರೆ ಬಿದ್ದರೆ ಅದು ಮತ್ತೆ ಹೋಗುವುದಿಲ್ಲ. ಪ್ರತಿ ತಗಡಿನ ಒಳಮೈಯಲ್ಲಿ ನಂಬರ್ ಬರೆದು, ಮೇಲೆ ಯಾವ ಕಡೆ ಅಂತ ಬಾಣದ ಗುರುತು ಹಾಕಿ.

ತಗಡು ಸರಿದ ಮೇಲೆ ಅವಸರದಲ್ಲಿ ಕೊಳೆತ ಮರ ಕೀಳಬೇಡಿ. ಒಂದು ಅರ್ಧ ದಿನ ಸುಮ್ಮನೆ ನೋಡಿ. ಮರದ ಮೇಲೆ ನೀರು ಹರಿದ ಕಪ್ಪು ಗೆರೆಗಳು ಇರುತ್ತವೆ. ಕೊಳೆತ ಜಾಗದಿಂದ ಶುರು ಮಾಡಿ ಗೆರೆ ಹಿಡಿದು ಮೇಲಕ್ಕೆ ಹೋಗಿ. ನನ್ನ ಟ್ರೇಲರ್‌ನಲ್ಲಿ ಹಿಂದಿನ ಕಿಟಕಿಯ ಕೆಳಗೆ ಕಂಡಿದ್ದ ಕಲೆಗೆ ಕಿಟಕಿ ಕಾರಣವೇ ಆಗಿರಲಿಲ್ಲ. ಗೆರೆ ಕಿಟಕಿಯ ಪಕ್ಕದಲ್ಲೇ ಹಾದು, ಛಾವಣಿಯ ಅಂಚಿನ ಪುಟ್ಟ ದೀಪದ ಒಂದು ಸ್ಕ್ರೂ ತೂತಿಗೆ ಹೋಗಿ ನಿಂತಿತ್ತು. ಮೂರು ಎಂಎಂ ತೂತು. ಅಲ್ಲಿಂದ ವರ್ಷಗಟ್ಟಲೆ ಹನಿ ಹನಿಯಾಗಿ ಇಳಿದ ನೀರು ಇಡೀ ಮೂಲೆಯನ್ನು ತಿಂದಿತ್ತು. ಇಂಥ ಗೆರೆಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆದಿಡಿ. ಮುಚ್ಚುವಾಗ ಈ ಕಾಗದ ಬೇಕಾಗುತ್ತದೆ.

ಚಾಸಿ, ಆಕ್ಸಲ್, ಬ್ರೇಕ್

ಮರಕ್ಕೆ ಕೈ ಹಾಕುವ ಮುಂಚೆ ಕಬ್ಬಿಣದ ಕೆಲಸ ಮುಗಿಸಿ. ತಂತಿ ಬ್ರಶ್‌ನಿಂದ ತುಕ್ಕು ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಮತ್ತು ಬಣ್ಣ ಹೊಡೆಯಿರಿ. ಬಿರುಕು ಬಿಟ್ಟ ಕಡೆ ಚಾಸಿ ಕೆಲಸ ಬಲ್ಲ ವೆಲ್ಡರ್ ಕೈಯಲ್ಲೇ ಬೆಸುಗೆ ಹಾಕಿಸಿ.

ಬೇರಿಂಗ್‌ಗಳನ್ನು ಕಳಚಿ, ತೊಳೆದು, ಬೆಳಕಿಗೆ ಹಿಡಿದು ನೋಡಿ. ನೀಲಿ ಛಾಯೆ, ಗುಳಿ, ಗೀರು ಕಂಡರೆ ಹೊಸದು ಹಾಕಿ. ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ಅಗಲದ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ, ಇನ್ನೊಂದು ಬದಿಯಿಂದ ಗ್ರೀಸ್ ಹೊರಬರುವ ತನಕ. ಹೊಸ ಸೀಲ್ ಹಾಕಿ. ಚಕ್ರ ತಿರುಗಿಸುತ್ತಾ ನಟ್ ಬಿಗಿಮಾಡಿ, ಮತ್ತೆ ಸಡಿಲಿಸಿ, ಬೆರಳಿನಲ್ಲಿ ಬಿಗಿಯಾಗುವಷ್ಟು ಮಾತ್ರ ತಿರುಗಿಸಿ ಪಿನ್ ಹಾಕಿ. ಜಾಸ್ತಿ ಬಿಗಿಮಾಡಿದ ಬೇರಿಂಗ್ ದಾರಿಯಲ್ಲಿ ಸುಟ್ಟುಹೋಗುತ್ತದೆ.

1960ರ ದಶಕದಿಂದ ಈಚಿನ ಏರ್‌ಸ್ಟ್ರೀಮ್‌ಗಳಲ್ಲಿ ರಬ್ಬರಿನ ಟಾರ್ಶನ್ ಆಕ್ಸಲ್ ಇರುತ್ತದೆ. ಅಲ್ಲಿ ಸ್ಪ್ರಿಂಗ್‌ನ ಕೆಲಸ ಮಾಡುವುದು ಕೊಳವೆಯೊಳಗಿನ ರಬ್ಬರ್ ಕಂಬಿಗಳು. ಅವು ಕಾಲಕ್ಕೆ ಗಟ್ಟಿಯಾಗುತ್ತವೆ. ಟ್ರೇಲರನ್ನು ಎತ್ತಿದಾಗಲೂ ಚಕ್ರದ ತೋಳು ಕೆಳಗೆ ಇಳಿಯದೆ ಮಟ್ಟಸವಾಗಿಯೇ ನಿಂತರೆ ರಬ್ಬರ್ ಸತ್ತಿದೆ. ಅದಕ್ಕೆ ರಿಪೇರಿ ಇಲ್ಲ, ಆಕ್ಸಲ್ಲನ್ನೇ ಬದಲಿಸಬೇಕು. ಬದಲಿಸದಿದ್ದರೆ ರಸ್ತೆಯ ಪ್ರತಿ ಏಟೂ ನೇರ ರಿವೆಟ್‌ಗಳಿಗೆ ಬೀಳುತ್ತದೆ.

ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದರ ಮ್ಯಾಗ್ನೆಟ್, ಶೂ, ವೈರು ಮೂರನ್ನೂ ನೋಡಿ. ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ಸ್ವಿಚ್ ಮತ್ತು ಅದರ ಪುಟ್ಟ ಬ್ಯಾಟರಿಯನ್ನು ಹೊಸದಾಗಿ ಹಾಕಿ.

ಮರದ ಕೆಲಸ

ಒಂದು ಸಲಕ್ಕೆ ಒಂದೇ ಕಡೆ. ಇದು ನನ್ನ ಕಟ್ಟುನಿಟ್ಟಿನ ನಿಯಮ. ಎರಡೂ ಪಕ್ಕವನ್ನು ಒಟ್ಟಿಗೆ ಬಿಚ್ಚಿದರೆ ಅಳತೆಗೆ ಆಧಾರವೇ ಉಳಿಯುವುದಿಲ್ಲ. ಹಳೆಯ ತುಂಡನ್ನು ಹೊಸ ಹಲಗೆಯ ಮೇಲಿಟ್ಟು ಗೆರೆ ಎಳೆಯಿರಿ. ಅದು ಪುಡಿಯಾಗಿದ್ದರೆ ಎದುರು ಪಕ್ಕದ ಅದೇ ತುಂಡಿನಿಂದ ಎಳೆಯಿರಿ. ಅದೂ ಹೋಗಿದ್ದರೆ ತಗಡಿನ ಅಂಚೇ ನಿಮಗೆ ನಕ್ಷೆ. ತಗಡನ್ನು ದೊಡ್ಡ ಕಾಗದದ ಮೇಲೆ ಮಲಗಿಸಿ ಸುತ್ತಲೂ ಗೆರೆ ಹಾಕಿ.

ಮೂಲದಲ್ಲಿ ಬಳಸಿದ್ದು ಮುಕ್ಕಾಲು ಅಂಗುಲ ದಪ್ಪ, ಒಂದೂವರೆ ಅಂಗುಲ ಅಗಲದ ಪಟ್ಟಿಗಳು. ಗಂಟಿಲ್ಲದ, ನೇರ ಎಳೆಯ, ಚೆನ್ನಾಗಿ ಒಣಗಿದ ಮರ ಆರಿಸಿ. ಛಾವಣಿಯ ಬಾಗಿದ ಭಾಗಕ್ಕೆ ಒಳ್ಳೆಯ ಪ್ಲೈವುಡ್‌ನಿಂದ ಕತ್ತರಿಸಿದ ತುಂಡು ಗಟ್ಟಿ. ಕೂಡುಗಳಿಗೆ ನೀರಿಗೆ ಬಿಡದ ಅಂಟು ಮತ್ತು ಸ್ಕ್ರೂ ಎರಡೂ ಬೇಕು. ತಾಮ್ರದ ರಾಸಾಯನಿಕ ಕುಡಿಸಿದ ‘ಪ್ರೆಶರ್ ಟ್ರೀಟೆಡ್’ ಮರವನ್ನು ಮಾತ್ರ ಅಲ್ಯೂಮಿನಿಯಂ ಪಕ್ಕ ಇಡಬೇಡಿ. ಕೊಳೆಯುವುದಿಲ್ಲ ಅಂತ ಹಾಕಿದ ಮರವೇ ತೇವ ಸೇರಿದಾಗ ತಗಡನ್ನು ತಿನ್ನುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗುವ ಕಡೆಯೂ ಅಷ್ಟೇ, ನಡುವೆ ಟೇಪ್ ಅಥವಾ ಬಣ್ಣದ ಪದರ ಇರಲಿ.

ಕೊಳೆತ ಮರಕ್ಕೆ ಎಪಾಕ್ಸಿ ಕುಡಿಸಿ ಗಟ್ಟಿ ಮಾಡಬಹುದಲ್ವಾ ಅಂತ ತುಂಬ ಜನ ಕೇಳುತ್ತಾರೆ. ಬೆರಳುದ್ದದ ಜಾಗಕ್ಕಾದರೆ ಸರಿ. ಸ್ಕ್ರೂ ಹಿಡಿಯಬೇಕಾದ ಮರಕ್ಕೆ ಬೇಡ. ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಹೊಸ ತುಂಡು ಕೂಡಿಸಿ.

ನೆಲಕ್ಕೆ ಹೊರಾಂಗಣ ದರ್ಜೆಯ ಅಥವಾ ಮೆರೈನ್ ಪ್ಲೈವುಡ್ ಹಾಕಿ. ಅಂಚುಗಳಿಗೆ ಎಪಾಕ್ಸಿ ಬಳಿಯಿರಿ, ಏಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಏರ್‌ಸ್ಟ್ರೀಮ್‌ನಲ್ಲಿ ನೆಲದ ಅಂಚು ಚಾಸಿಗೂ ದೇಹದ ಕೆಳಪಟ್ಟಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಪೂರ್ತಿ ನೆಲ ಬದಲಿಸಬೇಕಾದರೆ ಇಡೀ ಚಿಪ್ಪನ್ನು ಎತ್ತುವುದೇ ಸುಲಭ. ಎತ್ತುವ ಮುಂಚೆ ಒಳಗೆ ಅಡ್ಡ ಬಿಗಿತ ಕೊಡದಿದ್ದರೆ ಚಿಪ್ಪು ಅಗಲವಾಗಿಬಿಡುತ್ತದೆ.

ಒಳಗೋಡೆಗೆ ಹಳೆಯವರು ಹಾಕುತ್ತಿದ್ದದ್ದು ಎಂಟನೇ ಒಂದು ಅಂಗುಲದ ಬರ್ಚ್ ಪ್ಲೈವುಡ್. ಆ ಜೇನು ಬಣ್ಣದ ಹೊಳಪು ಬರುವುದು ಶೆಲ್ಯಾಕ್‌ನಿಂದ, ಅಂದರೆ ನಮ್ಮ ಅರಗಿನಿಂದ. ಆಂಬರ್ ಅರಗನ್ನು ತೆಳುವಾಗಿ ಎರಡು ಮೂರು ಸಲ ಬಳಿದು, ನಡುವೆ ಸಣ್ಣ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದರೆ ಗೋಡೆ ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತದೆ. ಮುಂದೆ ಗೀರು ಬಿದ್ದರೆ ಅದರ ಮೇಲೇ ಇನ್ನೊಂದು ಕೈ ಬಳಿದರೆ ಹಳೆಯ ಪದರದ ಜೊತೆ ಕರಗಿ ಸೇರಿಹೋಗುತ್ತದೆ. ನೀರು ಮತ್ತು ಬಿಸಿ ಪಾತ್ರೆ ಅದಕ್ಕೆ ಆಗುವುದಿಲ್ಲ. ಹಾಗಾಗಿ ಅಡುಗೆ ಕಟ್ಟೆಗೆ ಬೇರೇನಾದರೂ ಬಳಿಯಿರಿ. ಹಲಗೆಗಳನ್ನು ಗೋಡೆಗೆ ಹೊಡೆಯುವ ಮುಂಚೆಯೇ ನೆಲದ ಮೇಲೆ ಮಲಗಿಸಿ ಬಳಿದರೆ ಅರಗು ಸೋರಿ ಗೆರೆ ಬೀಳುವುದಿಲ್ಲ.

ವೈರು ಮತ್ತು ಗ್ಯಾಸ್

ಗೋಡೆ ತೆರೆದಿರುವಾಗಲೇ ವೈರು ಹಾಕಿ. ಹಳೆಯ ವೈರನ್ನು ಉಳಿಸುವ ಆಸೆ ಬೇಡ. 12 ವೋಲ್ಟ್‌ನ ಸಾಲು ಮತ್ತು ಹೊರಗಿನಿಂದ ಬರುವ ಮೇನ್ಸ್ ಸಾಲು ಬೇರೆ ಬೇರೆ ದಾರಿಯಲ್ಲಿ ಹೋಗಲಿ. ಒಂದೇ ಗಟ್ಟಿ ತಂತಿಯ ಬದಲು ಹಲವು ಎಳೆಯ ವೈರು ಬಳಸಿ, ಅಲುಗಾಟಕ್ಕೆ ಅದು ಮುರಿಯುವುದಿಲ್ಲ. ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ ಫ್ಯೂಸ್ ಇರಲಿ. ಮೇನ್ಸ್‌ನಲ್ಲಿ ಚಾಸಿ ಮತ್ತು ಲೋಹದ ತಗಡು ಅರ್ಥ್‌ಗೆ ಸೇರಿರಬೇಕು. ಟ್ರೇಲರ್‌ನ ಪೆಟ್ಟಿಗೆಯೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಒಂದಕ್ಕೊಂದು ಸೇರಿರಬಾರದು. ಇದು ತಪ್ಪಿದರೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಈ ಭಾಗವನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ.

ಗ್ಯಾಸ್‌ನ ವಿಷಯದಲ್ಲಿ ಪ್ರಯೋಗ ಮಾಡಬೇಡಿ. ಹಳೆಯ ರೆಗ್ಯುಲೇಟರ್ ಮತ್ತು ರಬ್ಬರ್ ಕೊಳವೆ ಬಿಸಾಡಿ. ಒಲೆ ಎಷ್ಟೇ ಚೆಂದ ಇರಲಿ, ತಂತ್ರಜ್ಞರು ಒತ್ತಡ ಪರೀಕ್ಷೆ ಮಾಡಿ ಸರಿ ಅಂದ ಮೇಲೆಯೇ ಹಚ್ಚಿ. ಹೊಗೆಕೊಳವೆ ಇಲ್ಲದ ಹಳೆಯ ಹೀಟರ್ ಬೇಡವೇ ಬೇಡ, ಮಲಗಿದವರು ಏಳದಂತಾಗುತ್ತದೆ. ಪ್ರೊಪೇನ್ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರಬೇಕು. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಬಳಿ.

ತಗಡು ಮತ್ತೆ ಏರುವಾಗ

ಇಡೀ ಕೆಲಸದಲ್ಲಿ ನಾನು ತುಂಬ ನಿಧಾನವಾಗಿ ಮಾಡುವ ಹಂತ ಇದು. ಮೊದಲು ಒಂದು ನಿಷೇಧ: ಸಿಲಿಕೋನ್ ಬೇಡ. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಹಚ್ಚಲು ಸುಲಭ. ಆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಮುಂದಿನ ಸಲ ಯಾವ ಅಂಟೂ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಲೂ ಆಗುವುದಿಲ್ಲ. ಅಂಚಿನ ಪಟ್ಟಿ, ಕಿಟಕಿ, ದೀಪಗಳ ಕೆಳಗೆ ಬ್ಯುಟೈಲ್ ಟೇಪ್ ಹಾಕಿ. ಹೊರಗೆ ಕಾಣುವ ಕೂಡುಗಳಿಗೆ ಪಾಲಿಯುರೆಥೇನ್ ಸೀಲೆಂಟ್.

ಬ್ಯುಟೈಲ್ ಅಂದರೆ ಮೆತ್ತಗಿನ ಮೇಣದಂಥ ಪಟ್ಟಿ. ಅದು ಗಟ್ಟಿಯಾಗುವುದಿಲ್ಲ, ತಗಡು ಬಿಸಿಲಿಗೆ ಹಿಗ್ಗಿದರೂ ಚಳಿಗೆ ಕುಗ್ಗಿದರೂ ಜೊತೆಗೇ ಹೋಗುತ್ತದೆ. ಎರಡೂ ಮೈಗಳನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ. ಅಂಚಿನ ಪಟ್ಟಿಯ ಒಳಮೈಗೆ ಟೇಪನ್ನು ಎಳೆಯದೆ ಅಂಟಿಸಿ. ಎಳೆದರೆ ತೆಳುವಾಗುತ್ತದೆ. ಪಟ್ಟಿಯನ್ನು ಕೂರಿಸಿ ನಡುವಿನಿಂದ ಎರಡೂ ತುದಿಗಳ ಕಡೆ ಸ್ಕ್ರೂ ಹಾಕುತ್ತಾ ಹೋಗಿ, ಒಂದೇ ಸಲ ಪೂರ್ತಿ ಬಿಗಿಮಾಡಬೇಡಿ. ಅಂಚಿನಿಂದ ಬ್ಯುಟೈಲ್ ಬೂದು ನೂಲಿನ ಹಾಗೆ ಉದ್ದಕ್ಕೂ ಒಂದೇ ಸಮ ಹೊರಗಿಣುಕಬೇಕು. ಎಲ್ಲಿ ಇಣುಕಲಿಲ್ಲವೋ ಅಲ್ಲಿ ಸಂದು ತುಂಬಿಲ್ಲ. ಬಿಚ್ಚಿ ಇನ್ನೊಂದು ಎಳೆ ಹಾಕಿ. ಒಂದು ದಿನ ಬಿಟ್ಟು ಮತ್ತೆ ಬಿಗಿಮಾಡಿದರೆ ಇನ್ನಷ್ಟು ಹೊರಬರುತ್ತದೆ. ಹೆಚ್ಚಾದದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ. ಸ್ಟೇನ್‌ಲೆಸ್ ಸ್ಕ್ರೂಗಳ ತುದಿಗೂ ಸೀಲೆಂಟ್ ಅದ್ದಿ ಹಾಕಿ. ಕೊನೆಗೆ ಹೊಸ ವಿನೈಲ್ ಎಳೆ. ಅದನ್ನೂ ಎಳೆದು ಕೂರಿಸಬೇಡಿ, ಬಿಸಿಲಿಗೆ ಕುಗ್ಗಿ ತುದಿಯ ಸ್ಕ್ರೂಗಳು ಬಯಲಾಗುತ್ತವೆ.

ಏರಿಸುವ ಕ್ರಮ ಬಿಚ್ಚಿದ್ದಕ್ಕೆ ತಿರುಗುಮುರುಗು: ಪಕ್ಕದ ತಗಡು ಕೆಳಗಿನಿಂದ ಮೇಲಕ್ಕೆ, ಮುಂದು, ಹಿಂದು, ಕೊನೆಗೆ ಛಾವಣಿ. ಕಿಟಕಿಯ ಕೆಳಪಟ್ಟಿಯಲ್ಲಿ ಪುಟ್ಟ ತೂತುಗಳಿರುತ್ತವೆ, ನೀರು ಹೊರಹೋಗಲು. ಅವನ್ನು ಮುಚ್ಚಬೇಡಿ. ಬರೆದಿಟ್ಟ ಕಾಗದ ತೆಗೆದು, ಹಿಂದೆ ಸೋರಿದ್ದ ಪ್ರತಿ ಜಾಗವನ್ನೂ ಎರಡೆರಡು ಸಲ ನೋಡಿ.

ಸೋಪಿನ ಪರೀಕ್ಷೆ

ಮಳೆಗೆ ಕಾಯಬೇಕಿಲ್ಲ. ಬಾಗಿಲು, ಗಾಳಿಕಿಂಡಿ, ಸಿಂಕ್‌ನ ತೂತು ಎಲ್ಲ ಮುಚ್ಚಿ. ಒಂದು ಕಿಟಕಿಗೆ ರಟ್ಟು ಕಟ್ಟಿ ಅದರಲ್ಲಿ ಬ್ಲೋವರ್ ಇಟ್ಟು ಒಳಕ್ಕೆ ಗಾಳಿ ಊದಿ. ಹೊರಗಿನಿಂದ ಸೋಪು ನೀರನ್ನು ಬ್ರಶ್‌ನಲ್ಲಿ ಎಲ್ಲ ಕೂಡುಗಳ ಮೇಲೆ ಬಳಿಯಿರಿ. ಗಾಳಿ ಹೊರಬರುವ ಕಡೆ ಗುಳ್ಳೆ ಏಳುತ್ತದೆ. ಗಾಳಿ ಹೊರಬರುವ ಕಡೆ ನೀರು ಒಳಬರುತ್ತದೆ. ಪ್ರತಿ ಗುಳ್ಳೆಗೂ ಪೆನ್ಸಿಲ್ ಗುರುತು ಹಾಕಿ ಸರಿಮಾಡಿ. ಬ್ಲೋವರ್ ಇಲ್ಲದಿದ್ದರೆ ಒಬ್ಬರು ಟಾರ್ಚ್ ಹಿಡಿದು ಒಳಗಿರಲಿ, ಇನ್ನೊಬ್ಬರು ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಡಲಿ. ಮೇಲಿನಿಂದ ಶುರು ಮಾಡಿದರೆ ಯಾವ ಕೂಡು ಸೋರಿತು ಅಂತ ಗೊತ್ತಾಗುವುದಿಲ್ಲ.

ಈಗ ಬಣ್ಣ

ಬರಿ ಅಲ್ಯೂಮಿನಿಯಂಗೆ ಮಾಮೂಲಿ ಬಣ್ಣ ಹಿಡಿಯುವುದಿಲ್ಲ. ಜಿಡ್ಡು ತೆಗೆದು, ಲೋಹವನ್ನು ಕಚ್ಚುವ ಸೆಲ್ಫ್ ಎಚಿಂಗ್ ಪ್ರೈಮರ್ ಹಾಕಿ, ಆಮೇಲೆ ಬಣ್ಣ. ಏರ್‌ಸ್ಟ್ರೀಮ್‌ಗೆ ಬಣ್ಣದ ಬದಲು ಪಾಲಿಶ್ ಮಾಡುವವರು ಜಾಸ್ತಿ. ಮೊದಲು ಹಳೆಯ ಕ್ಲಿಯರ್ ಕೋಟ್, ಅಂದರೆ ತಗಡಿನ ಮೇಲಿನ ಪಾರದರ್ಶಕ ಲೇಪ, ಪೂರ್ತಿ ತೆಗೆಯಬೇಕು. ಆ ತಗಡಿನ ಮೇಲ್ಮೈಯಲ್ಲಿ ಶುದ್ಧ ಅಲ್ಯೂಮಿನಿಯಂನ ತುಂಬ ತೆಳುವಾದ ಪದರ ಇರುತ್ತದೆ. ಹೊಳಪು ಬರುವುದು ಅದರಿಂದ. ಉಪ್ಪುಕಾಗದದಿಂದ ಉಜ್ಜಿದರೆ ಅದು ಹೋಯಿತು ಅಂತಲೇ ಲೆಕ್ಕ.

ತೂಕ, ಮತ್ತೆ ರಸ್ತೆ

ಹೊಸ ಟ್ಯಾಂಕು, ಬ್ಯಾಟರಿ, ದಪ್ಪ ಪ್ಲೈವುಡ್ ಸೇರಿದ ಮೇಲೆ ಹಳೆಯ ತೂಕದ ಅಂಕಿ ನಂಬಬೇಡಿ. ಒಂದು ಲೀಟರ್ ನೀರಿಗೆ ಒಂದು ಕೆಜಿ. ಸಾಮಾನು ತುಂಬಿಸಿ ತೂಕದ ಸೇತುವೆಯ ಮೇಲೆ ನಿಲ್ಲಿಸಿ. ಒಟ್ಟು ತೂಕದ ಶೇ 10ರಿಂದ 15 ಭಾಗ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ, ಅದು ಕಾರನ್ನೂ ಎಳೆದುಕೊಂಡು ಹೋಗಬಲ್ಲದು. ಭಾರದ ಸಾಮಾನು ಆಕ್ಸಲ್‌ನ ಹತ್ತಿರ, ಸ್ವಲ್ಪ ಮುಂದೆ, ನೆಲಮಟ್ಟದಲ್ಲಿ ಇರಲಿ.

ಮೊದಲ ಪಯಣ ಹತ್ತಿರದ್ದೇ ಆಗಲಿ. 80 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಚಕ್ರದ ನಟ್‌ಗಳನ್ನು ಮತ್ತೆ ಬಿಗಿಮಾಡಿ. ನಿಂತ ಕೂಡಲೇ ಕೈಯ ಹಿಂಬದಿಯನ್ನು ಚಕ್ರದ ಗುಂಬದ ಹತ್ತಿರ ಹಿಡಿದು ನೋಡಿ. ಎರಡೂ ಕಡೆ ಒಂದೇ ಬಿಸಿ ಇರಬೇಕು. ಒಂದೇ ಕಡೆ ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಬಿಗಿಯಾಗಿದೆ.

ಮೊದಲ ದೊಡ್ಡ ಮಳೆಯ ಮರುದಿನ ತೇವದ ಮೀಟರ್ ಹಿಡಿದು ನಾಲ್ಕೂ ಮೂಲೆ, ಎಲ್ಲ ಕಿಟಕಿಗಳ ಕೆಳಗೆ ಅಳೆಯಿರಿ. ಅಂಕಿಗಳನ್ನು ತಾರೀಖಿನ ಜೊತೆ ಕಪಾಟಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. ಮುಂದಿನ ಮಳೆಗಾಲದಲ್ಲಿ ಅದರ ಕೆಳಗೇ ಇನ್ನೊಂದು ಸಾಲು ಬರೆಯಿರಿ. ಯಾವ ಮೂಲೆಯ ಅಂಕಿ ಏರಿದೆಯೋ ಆ ಮೂಲೆಯ ಪಟ್ಟಿಯನ್ನು ಬಿಚ್ಚಿ ಹೊಸ ಬ್ಯುಟೈಲ್ ಹಾಕಿ.